ರಾಚವ್ವನ ಬರಿಯ ಹೆಗಲು

ನೆನಪಿನ ಪಕ್ಷ ಆರಂಭವಾಗುವ ಹಿಂದಿನ ಬೆಳಿಗ್ಗೆ ಖಾನಾವಳಿಯ ರಾಚವ್ವ ನನ್ನ ಹೊಲಿಗೆ ಅಂಗಡಿಯ ಮೆಟ್ಟಿಲು ಹತ್ತಿ ಬಂದಳು. ರವಿಕೆಗಳ ಗಂಟೊಂದನ್ನು ಮೇಜಿನ ಮೇಲಿಟ್ಟು, "ವಿಠೋಬಣ್ಣ, ಇವಿಷ್ಟರದ್ದೂ ಎಡಗಡೆ ಹೆಗಲಿನ ಕುಣಿಕಿ ಕತ್ತರಿಸಿ ಕೊಡು" ಎಂದಳು.

"ಸಡಿಲ ಆಗ್ಯಾವೇನು? ಬಿಗಿ ಮಾಡಿ ಕೊಡ್ತೀನಿ ಬಿಡು."

"ಬಿಗೀನೂ ಬ್ಯಾಡ, ಸಡಿಲೂ ಬ್ಯಾಡ. ಕುಣಿಕೀನ ಬ್ಯಾಡ. ಈ ವರ್ಷದಿಂದ ನಾ ಗಂಟಿ ಕಟ್ಟೂದಿಲ್ಲ."

ನನ್ನ ಕಾಲು ಯಂತ್ರದ ಹಲಗೆಯ ಮೇಲೆಯೇ ನಿಂತಿತು. ಲೋಟ ಹಿಡಿದು ಬರುತ್ತಿದ್ದ ಚಹಾದಂಗಡಿಯ ದಸ್ತಗೀರ ಹೊರಗೇ ನಿಂತುಬಿಟ್ಟ. ಈ ಮಾತನ್ನು ಬೇರೆ ಯಾರೇ ಆಡಿದ್ದರೂ ನಾವಿಬ್ಬರೂ ನಕ್ಕು ಸುಮ್ಮನಾಗುತ್ತಿದ್ದೆವು. ಆಡಿದವಳು ರಾಚವ್ವ. ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ನುಡಿಯುವ ಗಂಟೆ ಅವಳದಾಗಿತ್ತು.

ನಮ್ಮೂರಿನ ಅರಳೆ ಗಿರಣಿಗೆ ಬೆಂಕಿ ಬಿದ್ದ ವರ್ಷ ರಾಚವ್ವನ ಮಗಳು ಕಸ್ತೂರಿ ಇನ್ನೂ ತೊಟ್ಟಿಲಲ್ಲಿದ್ದಳು. ಆ ಬೆಂಕಿ ಮುಟ್ಟದ ಮನೆ ಊರಿನಲ್ಲಿ ಒಂದೂ ಇರಲಿಲ್ಲ. ರಾಚವ್ವನ ಗಂಡ ಕಾಡಪ್ಪ ಹೋದ. ನನ್ನ ಅಣ್ಣ ಹೋದ. ಸಾವಂತ್ರಕ್ಕನ ಹಿರಿಯ ಮಗ ಮೀಸೆ ಮೂಡುವ ವಯಸ್ಸಿನಲ್ಲಿ ಹೋದ. ಬೆಂಕಿ ಆರಿದ ಮೇಲೆ ಯಂತ್ರಗಳ ತಾಮ್ರ ಕರಗಿ ನೆಲದಲ್ಲಿ ಹೆಪ್ಪುಗಟ್ಟಿತ್ತು. ಅದನ್ನು ಕೀಳಿಸಿ, ಅಲಸಂದೆ ಕಾಳಿಗಿಂತ ತುಸುವೇ ದೊಡ್ಡದಾದ ಗಂಟೆಗಳನ್ನು ಎರಕ ಹೊಯ್ಯಿಸಿ, ಮನೆಮನೆಗೆ ಹಂಚಿದವಳು ಸಾವಂತ್ರಕ್ಕ. ಪ್ರತಿ ವರ್ಷ ಬೆಂಕಿಯ ತಿಂಗಳಿನಲ್ಲಿ ಒಂದು ಪಕ್ಷದವರೆಗೆ ಊರವರೆಲ್ಲ ಅದನ್ನು ಎಡಹೆಗಲಿಗೆ ಕಟ್ಟಿಕೊಳ್ಳಬೇಕು. ಕಟ್ಟಿಕೊಂಡವರು ಸತ್ತವರನ್ನು ನೆನೆದಾಗ ಗಂಟೆ ತಾನಾಗಿಯೇ ನುಡಿಯುತ್ತದೆ. ನೆನೆಯದಿದ್ದರೆ ಓಡಿದರೂ ನುಡಿಯದು, ಕುಣಿದರೂ ನುಡಿಯದು.

ಈ ಗಂಟೆಗಳಿಗೆ ಊರು ಒಗ್ಗಿಕೊಂಡಿತ್ತು. ನುಡಿದಾಗ ಸಮೀಪದಲ್ಲಿದ್ದವರು ಮಾಡುವ ಕೆಲಸ ನಿಲ್ಲಿಸಿ, ಅದು ನಿಲ್ಲುವವರೆಗೂ ಕೈಮುಗಿಯುವುದು ಪದ್ಧತಿ. ಕ್ಷೌರದವನು ಅರ್ಧ ಗಡ್ಡದಲ್ಲಿ ಕತ್ತಿ ಎತ್ತಿ ನಿಲ್ಲುತ್ತಿದ್ದ. ಬಸ್ಸಿನ ಕಂಡಕ್ಟರು ಸೀಟಿ ಬಾಯಲ್ಲಿಟ್ಟುಕೊಂಡೇ ಕಾಯುತ್ತಿದ್ದ. ಆ ಪಕ್ಷದಲ್ಲಿ ಊರಿನ ಯಾವ ಚಹಾವೂ ಬಿಸಿಯಾಗಿ ಗಂಟಲಿಗೆ ಇಳಿಯುವುದಿಲ್ಲವೆಂದು ದಸ್ತಗೀರ ಗೊಣಗುತ್ತಿದ್ದ. ಗಂಟೆ ನುಡಿಯದವರು ಆಡಿನ ಮರಿಯ ಗೆಜ್ಜೆಯೊಂದನ್ನು ಜೇಬಿನಲ್ಲಿಟ್ಟುಕೊಂಡು ಆಗಾಗ ಅಲುಗಿಸುತ್ತಿದ್ದರು. ಎರಡರ ಸದ್ದಿಗೂ ವ್ಯತ್ಯಾಸವುಂಟು. ಅದು ಎಲ್ಲರಿಗೂ ತಿಳಿಯುತ್ತಿತ್ತು; ಯಾರೂ ಬಾಯಿ ಬಿಡುತ್ತಿರಲಿಲ್ಲ. ಇನ್ನೊಂದು ಸಂಗತಿ: ಏನು ನೆನಪಾಯಿತೆಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಹಾಗೆ ಕೇಳುವುದು ಅಸಭ್ಯವೆನಿಸಿತ್ತು.

ರಾಚವ್ವನ ಗಂಟೆಗೆ ಮಾತ್ರ ಇಂಥ ಆಸರೆ ಬೇಕಿರಲಿಲ್ಲ. ರೊಟ್ಟಿ ತಟ್ಟುವಾಗ, ಪಲ್ಯ ಬಡಿಸುವಾಗ, ನೀರಿನ ತಂಬಿಗೆ ಇಡುವಾಗ ಅದು ಸ್ವಚ್ಛವಾಗಿ, ದೀರ್ಘವಾಗಿ ನುಡಿಯುತ್ತಿತ್ತು. ಉಣ್ಣುವವರು ರೊಟ್ಟಿಯ ಚೂರು ಹಿಡಿದ ಕೈಯನ್ನೇ ಎದೆಗೆ ತಂದು ತಲೆ ಬಾಗಿಸುತ್ತಿದ್ದರು. ಅತ್ತೆಯರು ವಿಧವೆ ಸೊಸೆಯರಿಗೆ, "ರಾಚವ್ವನ ಹೆಗಲ ಕೇಳಿ ಕಲಿ" ಎಂದು ಚುಚ್ಚುತ್ತಿದ್ದರು.

"ಯಾಕ ಕಟ್ಟೂದಿಲ್ಲ?" ಎಂದು ನಾನು ಕೇಳಿದೆ.

"ಕಾರಣ ಹೇಳಿದ್ರ ನೀವು ಅದನ್ನ ಕೈಯಾಗ ಹಿಡಿದು ತೂಗಿ ನೋಡ್ತೀರಿ, ಹಗುರ ಐತೋ ಭಾರ ಐತೋ ಅಂತ. ಕತ್ತರಿಸಿ ಕೊಡು ಮಾರಾಯ, ಒಲಿ ಮ್ಯಾಲ ಬ್ಯಾಳಿ ಇಟ್ಟು ಬಂದೀನಿ."

ಕತ್ತರಿಸಿ ಕೊಟ್ಟೆ. ಅವಳು ಅತ್ತ ಹೋಗುತ್ತಲೇ ದಸ್ತಗೀರ ನನ್ನ ಕಡೆ ಬಾಗಿದ. "ವಿಠೋಬಣ್ಣ, ಕಸ್ತೂರಿ ಮದುವಿ ಸಾವಂತ್ರಕ್ಕನ ಮನಿಗೆ ನಿಕ್ಕಿ ಆಗೈತಿ ಅನ್ನೋದು ಈ ಹೆಣ್ಮಗಳಿಗೆ ನೆನಪೈತೋ ಇಲ್ಲೋ?"

ನನ್ನೆದೆಯಲ್ಲಿಯೂ ಅದೇ ಪ್ರಶ್ನೆ ಎದ್ದಿತ್ತು. ಸಾವಂತ್ರಕ್ಕನ ಕಿರಿಯ ಮಗ ಮುರಿಗೆಪ್ಪನಿಗೆ ಕಸ್ತೂರಿಯನ್ನು ಕೊಡುವ ಮಾತು ನಡೆದಿತ್ತು. ಪಕ್ಷದ ಕೊನೆಯ ದಿನ ಇಡೀ ಊರು ಸುಟ್ಟ ಗಿರಣಿಯ ಅಂಗಳದಲ್ಲಿ ಸೇರಿದಾಗ, ವೇದಿಕೆಯ ಮೇಲೆ ಎಲೆಅಡಿಕೆಯ ತಟ್ಟೆ ಬದಲಾಗಬೇಕಿತ್ತು. ಆ ಸಾವಂತ್ರಕ್ಕನೇ ಸ್ಮರಣ ಸಮಿತಿಯ ಅಧ್ಯಕ್ಷೆ.

ಎರಡು ದಿನ ಕಳೆಯುವುದರೊಳಗೆ ಊರು ತನ್ನ ಕೆಲಸ ಆರಂಭಿಸಿತು. ರಾಚವ್ವ ಗಂಡನನ್ನು ಮರೆತಳು ಎಂದರು ಕೆಲವರು. ಗಂಟೆ ಮೂಕಾಗಿದೆ, ಅದನ್ನು ಮುಚ್ಚಿಡಲು ಈ ಹಟ ಎಂದರು ಕೆಲವರು. ಜೋಳದ ವ್ಯಾಪಾರಿಯೊಬ್ಬ ಪರವೂರಿನಿಂದ ಬಂದು ಖಾನಾವಳಿಯಲ್ಲಿ ಎರಡು ದಿನ ಊಟ ಮಾಡಿದ್ದನ್ನು ನೆನಪಿಸಿಕೊಂಡು ಮತ್ತೊಂದು ಕತೆ ಕಟ್ಟಿದರು. ಕತೆ ಕಟ್ಟಿದವರ ಹೆಗಲು ಆಗ ನುಡಿದಿರಲಿಲ್ಲವೆಂಬುದಕ್ಕೆ ನಾನೇ ಸಾಕ್ಷಿ. ಖಾನಾವಳಿಗೆ ಬರುವವರು ಕಡಿಮೆಯಾದರು. ಆಮೇಲೆ ನಿಂತೇ ಹೋದರು.

ಅಂಥ ಒಂದು ಮಧ್ಯಾಹ್ನ ನಾನು ಹೋಗಿ ಕುಳಿತೆ. ಹಾಸಿದ ಚಾಪೆಗಳೆಲ್ಲ ಖಾಲಿ. ಒಲೆಯ ಮೇಲಿನ ಹಂಚು ಕಾದಿತ್ತು. ರಾಚವ್ವ ಎಣ್ಣೆಗಾಯಿ ಬಡಿಸುತ್ತ, "ಇವತ್ತ ನಿನಗ ರಾಜನ ಊಟ, ಹೋಗು. ಇಡೀ ಅಡಗೀನ ನಿಂದು" ಎಂದು ನಕ್ಕಳು.

ಆ ನಗೆಯ ಬಾಲ ಹಿಡಿದು ಸಾವಂತ್ರಕ್ಕ ಒಳಗೆ ಬಂದಳು. ಎತ್ತರದ ಹೆಂಗಸು, ಬೆನ್ನು ಎಂದೂ ಬಾಗದು. ನನ್ನನ್ನು ಕಂಡೂ ಕಾಣದಂತೆ ಚಾಪೆಯ ಮೇಲೆ ಕುಳಿತು ನೇರವಾಗಿ ಮಾತಿಗಿಳಿದಳು.

"ರಾಚವ್ವ, ನಾ ಜಗಳಕ್ಕ ಬಂದಿಲ್ಲ. ಬೆಂಕಿ ಬಿದ್ದ ಮರುವರ್ಷ ಏನಾಗಿತ್ತು ನೆನಪೈತಿಲ್ಲ? ಗಿರಣಿ ಇಟ್ಟಂಗಿ ಕಿತ್ತು ಮನಿ ಕಟ್ಟಾಕ ಹತ್ತಿದ್ರು ಜನ. ಸತ್ತವರ ಬೂದಿ ಅಂಟಿದ ಇಟ್ಟಂಗಿ! ನಾ ಈ ಗಂಟಿ ಹಂಚದಿದ್ರ ಈ ಊರು ಅಷ್ಟೂ ಮಂದೀನ ಮರೆತು, ಆ ಜಾಗದಾಗ ಸಂತಿ ಕೂಡಸ್ತಿತ್ತು."

"ಹೌದು ಅಕ್ಕ. ನೀ ಮಾಡಿದ್ದು ದೊಡ್ಡ ಕೆಲಸ. ನಾ ಎಲ್ಲಾರ ಮುಂದೂ ಹೇಳ್ತೀನಿ."

"ಹಂಗಾದ್ರ ನೀನ ಬಿಚ್ಚಿಟ್ರ ಹ್ಯಾಂಗ? ನಿನ್ನ ನೋಡಿ ನಾಳೆ ಹತ್ತು ಮಂದಿ ಬಿಚ್ಚತಾರ. ನಾಡದು ಊರ ಬಿಚ್ಚತೈತಿ."

"ಅವರವರ ಹೆಗಲ ಅವರವರದು."

ಸಾವಂತ್ರಕ್ಕನ ಗಂಟೆ ಆಗ ಸಣ್ಣಗೆ ನುಡಿಯಿತು. ನಾನು ತುತ್ತು ಕೆಳಗಿಟ್ಟು ಕೈಮುಗಿದೆ, ರಾಚವ್ವನೂ ಮುಗಿದಳು. ಅದು ನಿಂತ ಮೇಲೆ ಸಾವಂತ್ರಕ್ಕನ ದನಿ ಗಟ್ಟಿಯಾಯಿತು.

"ಕೊನೀ ದಿನ ಅಂಗಳಕ್ಕ ಗಂಟಿ ಕಟ್ಟಿಕೊಂಡು ಬಾ. ಒಂದ ಸರ್ತಿ ನುಡೀಲಿ, ಊರ ಬಾಯಿ ಮುಚ್ಚತೈತಿ, ತಟ್ಟಿ ಬದಲಾಗತಾವ. ಬರಿ ಹೆಗಲಲೇ ಬಂದ್ರ ನನ್ನ ಮನಿಗೆ ನಿನ್ನ ಮಗಳು ಬರೂದು ಆಗೂದಿಲ್ಲ. ಸತ್ತವರಿಗೆ ಮರ್ಯಾದಿ ಕೊಡದ ಮನಿಯಿಂದ ನಾ ಹೆಣ್ಣು ತರೂದಿಲ್ಲ. ಇದು ನನ್ನ ಕಡೀ ಮಾತು."

ಅವಳು ಎದ್ದು ಹೋದಳು. ಒಳಕೋಣೆಯ ಬಾಗಿಲ ಪರದೆ ಅಲುಗಿತು. ಕಸ್ತೂರಿ ಎಲ್ಲವನ್ನೂ ಕೇಳಿಸಿಕೊಂಡು ನಿಂತಿದ್ದಳು. ಊರಿನ ಟೆಲಿಫೋನ್ ಕಚೇರಿಯಲ್ಲಿ ಕೆಲಸ ಮಾಡುವ, ಮಾತಿನಲ್ಲಿ ಯಾರಿಗೂ ಸೋಲದ ಹುಡುಗಿ ಅಂದು ತುಟಿ ಕಚ್ಚಿಕೊಂಡಿದ್ದಳು.

"ಅವ್ವಾ, ಒಂದ ದಿನ. ಒಂದ ತಾಸು. ನನ್ನ ಸಲುವಾಗಿ."

"ನಿನ್ನ ಸಲುವಾಗಿ ಏನ ಕೇಳು, ಮಾಡ್ತೀನಿ. ಇದು ನಿನ್ನ ಸಲುವಾಗಿ ಅಲ್ಲ, ಅವರ ಸಲುವಾಗಿ."

"ನಿನಗ ಬ್ಯಾಡಾಗಿರಬಹುದು. ನನಗ?" ಕಸ್ತೂರಿಯ ದನಿ ಒಡೆಯಿತು. "ಅಪ್ಪನ ಮಾರಿ ನಾ ನೋಡಿಲ್ಲ. ಅಂವ ಹ್ಯಾಂಗ ನಡೀತಿದ್ದ, ಹ್ಯಾಂಗ ಕೆಮ್ಮತಿದ್ದ, ಒಂದೂ ಗೊತ್ತಿಲ್ಲ. ನನ್ನ ಗಂಟಿ ಒಮ್ಮಿನೂ ನುಡದಿಲ್ಲ. ನನಗ ಅಪ್ಪ ಅಂದ್ರ ನಿನ್ನ ಹೆಗಲ ಮ್ಯಾಲಿನ ಸದ್ದು. ಅಷ್ಟ. ಅದನ್ನೂ ಕತ್ತರಿಸಿ ಒಗದಿ."

ಅವಳು ಚಪ್ಪಲಿ ಮೆಟ್ಟಿ ಹೊರಟುಹೋದಳು. ರಾಚವ್ವ ಒಲೆಯ ಮುಂದೆ ಕುಳಿತು, ಆರಿಹೋಗುತ್ತಿದ್ದ ಕೆಂಡವನ್ನು ಕಡ್ಡಿಯಿಂದ ಕೆದಕುತ್ತ, ನನ್ನ ಕಡೆ ನೋಡದೆ ಮಾತನಾಡಿದಳು. ನಾನು ಕೇಳದಿದ್ದರೂ ಕಾರಣ ತಾನಾಗಿ ಹೊರಗೆ ಬಂದಿತು.

"ವಿಠೋಬಣ್ಣ, ಅಂವ ನೆನಪಾಗತಾನ. ಬಾಗಿಲಕ್ಕ ಬಂದು ನಿಲ್ಲತಾನ, ಇನ್ನೇನು ಒಳಗ ಬರಬೇಕು. ಗಂಟಿ ನುಡೀತೈತಿ. ಎಲ್ಲಾರೂ ಊಟ ಬಿಟ್ಟು ಕೈಮುಗೀತಾರ. ನಾ ಎಲ್ಲಾರ ಮಾರಿ ನೋಡ್ತೀನಿ. ತಿರುಗಿ ಬಾಗಿಲ ಕಡೆ ನೋಡೂದ್ರಾಗ ಅಂವ ಇರೂದಿಲ್ಲ. ಇಷ್ಟ ವರ್ಷದಾಗ ಒಮ್ಮಿನೂ ಅಂವ ಒಳಗ ಬಂದು ಕುಂತಿಲ್ಲ. ಇನ್ನ ಕೆಲವೊಮ್ಮಿ ನಗು ಬರೂವಂಥದ್ದು ನೆನಪಾಗತೈತಿ. ಅಂವ ಭಾಳ ನಗಸಾಂವ ಇದ್ದ, ನಿನಗ ಗೊತ್ತಿಲ್ಲೇನು? ಹೊಟ್ಟಿ ಹಿಡಕೊಂಡು ನಗಬೇಕು ಅನಸತೈತಿ. ಆದ್ರ ಮುಂದ ಸಾಲು ಹಿಡಿದು ಕುಂತ ಮಂದಿ ಕಣ್ಣೀರು ತಂದು ಕೈಮುಗಿದಿರತಾರ. ಅವರ ಮುಂದ ನಾ ಹ್ಯಾಂಗ ನಗಲಿ? ನುಂಗತೀನಿ. ನುಂಗಿ ನುಂಗಿ ಅಂವ ನಗಸಿದ್ದೆಲ್ಲಾ ನನ್ನ ಹೊಟ್ಟ್ಯಾಗ ಕಲ್ಲಾಗೈತಿ."

ನಾನು ಊಟ ಮುಗಿಸಲಿಲ್ಲ. ಹಿರಿಯ ಸ್ವಾಮಿಗಳ ಪ್ರವಚನ, ಸಮಿತಿಯ ಭಾಷಣ ಎಷ್ಟೋ ಕೇಳಿದ್ದೇನೆ. ಸತ್ತವರ ಬಗ್ಗೆ ಇಷ್ಟು ಪ್ರೀತಿಯ ಮಾತನ್ನು ನಮ್ಮೂರಿನಲ್ಲಿ ಅದುವರೆಗೆ ಯಾರೂ ಆಡಿದ್ದನ್ನು ನಾನು ಕೇಳಿರಲಿಲ್ಲ. "ಇದನ್ನ ಸಾವಂತ್ರಕ್ಕಗ ಹೇಳು, ತಾಯಿ. ಮಗಳಿಗರ ಹೇಳು" ಎಂದೆ.

"ಹೇಳಿದ್ರ ಅದೂ ಒಂದು ಗಂಟೀನ ಆಗತೈತಿ" ಎಂದಳು. "ಜನ ಅದಕ್ಕೂ ಕೈಮುಗೀತಾರ."

ಪಕ್ಷ ಕಳೆಯುತ್ತ ಬಂದಿತು. ಕೊನೆಯ ದಿನಕ್ಕೆಂದು ರಾಚವ್ವ ಬಿಳಿಯ ಅರಿವೆಯೊಂದನ್ನು ರವಿಕೆಗಾಗಿ ನನಗೆ ಕೊಟ್ಟಿದ್ದಳು. ಅದರ ಹಿಂದಿನ ಸಂಜೆ ಅದನ್ನು ಒಯ್ಯಲು ಬಂದವಳು ಕಸ್ತೂರಿ. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು ಅವಳು ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ರಾಚವ್ವನ ಗಂಟೆ ಇತ್ತು.

"ಕಾಕಾ, ಇದನ್ನ ಹೆಗಲ ಹಿಂದಿನ ಮಡಿಕಿ ಒಳಗ ಹೊಲೀರಿ. ಮ್ಯಾಲ ಸೆರಗು ಬೀಳತೈತಿ, ಯಾರಿಗೂ ಕಾಣೂದಿಲ್ಲ. ಅವ್ವಗೂ ಗೊತ್ತಾಗೂದಿಲ್ಲ. ಅಂಗಳದಾಗ ಅದು ನುಡದ ನುಡೀತೈತಿ. ಎಲ್ಲಾರೂ ಕೇಳತಾರ. ಮುಗೀತು."

"ಇನ್ನೊಬ್ಬರ ಮೈಮ್ಯಾಲ ಅವರಿಗೆ ಗೊತ್ತಿಲ್ಲದ್ದನ್ನ ಹೊಲಿಯೂ ಕೆಲಸ ನನಗ ಬರೂದಿಲ್ಲ, ಮಗಳ."

"ಅವ್ವನ ಒಳ್ಳೇದಕ್ಕ!"

"ಹಂಗಂದ್ರ ಅವ್ವನ್ನ ಕೇಳಿ ಬಾ."

ಅವಳು ರವಿಕೆಯನ್ನು ಮಡಚಿ ಬಗಲಿಗಿಟ್ಟುಕೊಂಡಳು. ಹೊಸ್ತಿಲಲ್ಲಿ ನಿಂತು, "ಮುರಿಗೆಪ್ಪ ಇವತ್ತ ಟೆಲಿಫೋನ್ ಆಫೀಸಿಗೆ ಬಂದಿದ್ದ. ತಾಯಿ ಮಾತು ಮೀರಾಕ ಆಗೂದಿಲ್ಲ ಅಂದ. ಹೇಳೂವಾಗ ಅತ್ತ ಕಾಕಾ" ಎಂದಳು.

ಮರುದಿನ ಬೆಳಿಗ್ಗೆ ಅಂಗಳಕ್ಕೆ ಹೊರಡುವ ಅವಸರದಲ್ಲಿದ್ದ ಮುದುಕನೊಬ್ಬ ಅಂಗಿಯ ಗುಂಡಿ ಕಿತ್ತುಹೋಯಿತೆಂದು ಓಡಿಬಂದ. ನಾನು ಸೂಜಿಗಳನ್ನು ಚುಚ್ಚಿಡುವ ಬಟ್ಟೆಯ ಮೆತ್ತೆಗೆ ಕೈಹಾಕಿದೆ. ದಪ್ಪ ಸೂಜಿ ಅಲ್ಲಿರಲಿಲ್ಲ. ಬಿಳಿದಾರದ ಉಂಡೆಯ ತುದಿ ಹಲ್ಲಿನಿಂದ ಕಚ್ಚಿ ಹರಿದಂತೆ ಎಳೆಎಳೆಯಾಗಿತ್ತು. ಮುದುಕನ ಗುಂಡಿಯನ್ನು ಹೇಗೆ ಹಚ್ಚಿಕೊಟ್ಟೆನೋ ನನಗೇ ತಿಳಿಯದು. ಬಾಗಿಲಿಗೆ ಬೀಗವನ್ನೂ ಹಾಕದೆ ಓಡಿದೆ.

ರಾಚವ್ವನಿಗೆ ತಿಳಿಸಬೇಕು. ತಿಳಿಸಿದರೆ ಅವಳು ಕಿತ್ತೆಸೆಯುತ್ತಾಳೆ, ಮದುವೆ ಮುರಿಯುತ್ತದೆ. ತಿಳಿಸದಿದ್ದರೆ ಮದುವೆ ಉಳಿಯುತ್ತದೆ. ರಾಚವ್ವನ ಹೆಗಲು ಅವಳದಾಗಿ ಉಳಿಯುವುದಿಲ್ಲ. ಓಡುತ್ತಲೇ ಈ ಎರಡನ್ನೂ ತಿರುಗಾಮುರುಗಾ ಮಾಡಿದೆ. ಗಿರಣಿಯ ದಾರಿಯುದ್ದಕ್ಕೂ ಜನ. ಪ್ರತಿಯೊಂದು ಹೆಗಲೂ ನುಡಿಯುತ್ತಿತ್ತು. ಆ ಗದ್ದಲದಲ್ಲಿ ಒಂದು ಗಂಟೆ ಹೆಚ್ಚೋ ಕಡಿಮೆಯೋ ಯಾರಿಗೂ ತಿಳಿಯುವಂತಿರಲಿಲ್ಲ. ಬಾಗಿಲಲ್ಲಿ ಸಮಿತಿಯ ಹುಡುಗರು ಗಂಟೆ ಮರೆತು ಬಂದವರನ್ನು ತಡೆದು ತಾವೇ ಕಟ್ಟಿ ಒಳಗೆ ಬಿಡುತ್ತಿದ್ದರು. ರಾಚವ್ವನನ್ನು ಮಾತ್ರ ಹಾಗೆಯೇ ಬಿಟ್ಟಿದ್ದರು. ಅವಳ ವಿಚಾರಣೆ ಒಳಗೆ ನಡೆಯಲಿಕ್ಕಿತ್ತು.

ಹೆಂಗಸರ ಕಡೆಗೆ ಹಗ್ಗ ಕಟ್ಟಿದ್ದರು. ಹಗ್ಗದ ಈಚೆ ನಿಂತು ಕತ್ತು ಚಾಚಿದೆ. ಮುಂದಿನ ಸಾಲಿನಲ್ಲಿ ಬಿಳಿಯ ರವಿಕೆಯಲ್ಲಿ ರಾಚವ್ವ. ಅವಳ ಪಕ್ಕದಲ್ಲಿ, ಬಿಳಿಚಿಕೊಂಡ ಮುಖದ ಕಸ್ತೂರಿ. "ರಾಚವ್ವಾ!" ಎಂದು ಕೂಗುವಷ್ಟರಲ್ಲಿ ಸಾವಂತ್ರಕ್ಕ ವೇದಿಕೆಯ ಮೇಲೆ ಎದ್ದು ನಿಂತಳು. ಅವಳು ಎದ್ದಾಗ ಪ್ರತಿಯೊಬ್ಬರೂ ತಮ್ಮ ಗಂಟೆಯನ್ನು ಬಲಗೈಯ ಮುಷ್ಟಿಯಲ್ಲಿ ಹಿಡಿಯಬೇಕೆಂಬುದು ಪದ್ಧತಿ. ಊರಿನ ಎಲ್ಲ ಮುಷ್ಟಿಗಳೂ ಒಮ್ಮೆಲೇ ಹೆಗಲಿಗೇರಿದವು. ಅಂಗಳ ನಿಶ್ಶಬ್ದವಾಯಿತು. ನನ್ನ ಕೈಯೂ ಹೆಗಲಿಗೆ ಹೋಗಿತ್ತು.

ಆ ಸಾವಿರ ಮುಷ್ಟಿಗಳ ನಡುವೆ ಎರಡೂ ಕೈ ಕೆಳಗೆ ಬಿಟ್ಟು ನಿಂತವಳು ರಾಚವ್ವ ಒಬ್ಬಳೇ.

"ಎಲ್ಲಾರೂ ನೋಡಾಕತ್ತಾರ, ರಾಚವ್ವ" ಎಂದಳು ಸಾವಂತ್ರಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯಂತಿತ್ತು. "ಕಡೀ ಸಲ ಕೇಳ್ತೀನಿ. ಕಟ್ಟಿಕೋತೀಯೋ ಇಲ್ಲೋ?"

"ಇಲ್ಲ ಅಕ್ಕ."

"ಕಾಡಪ್ಪನ್ನ ಮರೆತಿಯೇನು?"

ರಾಚವ್ವ ಬಾಯಿ ತೆರೆದಳು. ಉತ್ತರ ಅವಳ ಬಾಯಿಂದ ಬರಲಿಲ್ಲ. ಅವಳ ಹೆಗಲ ಹಿಂದಿನಿಂದ, ಬಟ್ಟೆಯ ಪದರಗಳೊಳಗಿಂದ, ನಾವೆಲ್ಲರೂ ಬಲ್ಲ ಆ ದೀರ್ಘವಾದ ಸ್ವಚ್ಛ ನಾದ ಹೊರಟಿತು.

ಅಂಗಳದ ಒಡಲಿನಿಂದ ಒಂದು ನಿಟ್ಟುಸಿರು ಎದ್ದಿತು. ಮುಷ್ಟಿಗಳು ಬಿಚ್ಚಿದವು, ಕೈಗಳು ಮುಗಿದವು. ಮುದುಕಿಯರು ಸೆರಗಿನಿಂದ ಕಣ್ಣೊರೆಸಿಕೊಂಡರು. ಜೋಳದ ವ್ಯಾಪಾರಿಯ ಕತೆ ಕಟ್ಟಿದವರಲ್ಲಿ ಒಬ್ಬಳು ಎಲ್ಲರಿಗಿಂತ ಮೊದಲು ತಲೆ ಬಾಗಿಸಿದಳು. ಸಾವಂತ್ರಕ್ಕನ ಬಿಗಿದ ಮುಖ ಸಡಿಲಗೊಂಡು, ನಾನು ಎಂದೂ ಕಾಣದ ನಗೆಯೊಂದು ಅಲ್ಲಿ ಮೂಡಿತು.

"ಒಳಗ ಕಟ್ಟಿಕೊಂಡು ಬಂದಾಳ! ನಮ್ಮನ್ನ ಪರೀಕ್ಷಾ ಮಾಡಾಕತ್ತಿದ್ಳು, ನೋಡ್ರವಾ! ಮುರಿಗೆಪ್ಪ, ತಟ್ಟಿ ತಾರೋ!"

ಹಿಂದೆ ಯಾರೋ ಡೊಳ್ಳಿಗೆ ಒಂದು ಪೆಟ್ಟು ಹಾಕಿಯೂ ಬಿಟ್ಟರು. ಮುರಿಗೆಪ್ಪ ಎಲೆಅಡಿಕೆಯ ತಟ್ಟೆ ಹಿಡಿದು ಮುಂದೆ ಬಂದ. ರಾಚವ್ವನ ಮೇಲಿನ ಎಲ್ಲ ಅಪವಾದವೂ ಆ ಒಂದು ನಾದದಿಂದ ತೊಳೆದುಹೋಗಿತ್ತು. ಅವಳು ಮಾಡಬೇಕಾದದ್ದು ಏನೂ ಇರಲಿಲ್ಲ. ಸುಮ್ಮನೆ ನಿಂತಿದ್ದರೆ ಸಾಕಿತ್ತು.

ರಾಚವ್ವ ಕೈಯನ್ನು ಹೆಗಲ ಹಿಂದಕ್ಕೆ ಹಾಕಿದಳು. ಹೊಲಿಗೆ ಹರಿದ ಪರ್ ಎಂಬ ಸದ್ದು ಹಗ್ಗದ ಈಚೆಗೂ ಕೇಳಿಸಿತು. ಕೈ ಮುಂದೆ ಬಂದಾಗ ಬೆರಳುಗಳ ನಡುವೆ ಗಂಟೆಯಿತ್ತು. ದಾರದ ಜೊತೆ ಮುರಿದ ಸೂಜಿಯ ತುಂಡೊಂದು ಜೋತಾಡುತ್ತಿತ್ತು. ಅವಳು ವೇದಿಕೆಯ ಬಳಿಗೆ ನಡೆದು ಅದನ್ನು ತಟ್ಟೆಯ ಎಲೆಗಳ ಮೇಲಿಟ್ಟಳು.

"ಇದನ್ನ ನಾ ಕಟ್ಟಿಕೊಂಡಿಲ್ಲ, ಅಕ್ಕ. ನನಗ ಗೊತ್ತಿಲ್ಲದಂಗ ಹೊಲಿದಾರ. ಇದು ನುಡಿದದ್ದಕ್ಕ ನೀವು ನನ್ನ ನಂಬೂದಾದ್ರ, ಆ ನಂಬಿಕಿ ನನಗ ಬ್ಯಾಡ. ನಾ ಬರಿ ಹೆಗಲಲೇ ಬಂದೀನಿ. ಹಂಗ ನೋಡಿ ಹೇಳ್ರಿ, ನನ್ನ ಮಗಳು ನಿಮಗ ಬೇಕೋ ಬ್ಯಾಡೋ."

ನನ್ನ ಆಯುಷ್ಯದಲ್ಲಿ ಧೈರ್ಯವಂತರನ್ನು ಕಂಡಿದ್ದೇನೆ. ಬೆಂಕಿಯೊಳಗೆ ಮರಳಿ ಹೋದವರನ್ನು ಕಂಡಿದ್ದೇನೆ. ಕೈಗೆ ಬಂದ ಗೆಲುವನ್ನು ಹೀಗೆ ತಟ್ಟೆಯಲ್ಲಿಟ್ಟು ಹಿಂದಕ್ಕೆ ಕೊಟ್ಟವರನ್ನು ಕಂಡದ್ದು ಅಂದೇ.

ಗುಜುಗುಜು ಎದ್ದಿತು. ಹೊಲಿಗೆಯ ಮಾತು ಬಂದ ಕೂಡಲೇ ನೂರು ಕಣ್ಣುಗಳು ನನ್ನತ್ತ ಹೊರಳಿದವು. "ಸಿಂಪಿಗನ ಕೆಲಸ ಇದು!" ಎಂದು ಯಾರೋ ಕೂಗಿದರು. ಆಗ ಕಸ್ತೂರಿ ಸಾಲಿನಿಂದ ಹೊರಗೆ ಬಂದು ತಾಯಿಯ ಪಕ್ಕದಲ್ಲಿ ನಿಂತಳು.

"ಕಾಕಾ ಒಲ್ಲೆ ಅಂದ್ರು. ಹೊಲಿದಾಕಿ ನಾ. ಸೂಜಿ ಕದ್ದಾಕೀನೂ ನಾನ. ಸಾವಂತ್ರಮ್ಮಾ, ನಿಮಗ ಹೆದರಿ ನಮ್ಮವ್ವಗ ಮೋಸ ಮಾಡಿದೆ. ಇಂಥಾಕಿ ಸೊಸಿ ಬ್ಯಾಡಂದ್ರ ನನ್ನ ಬ್ಯಾಡನ್ರಿ, ನಮ್ಮವ್ವನ ಹೆಗಲಿಗೆ ಮಾತ್ರ ಏನೂ ಅನಬ್ಯಾಡ್ರಿ."

ಸಾವಂತ್ರಕ್ಕ ವೇದಿಕೆಯಿಂದ ಇಳಿದಳು. ಅವಳ ಕಣ್ಣು ತಟ್ಟೆಯ ಮೇಲಿರಲಿಲ್ಲ, ಕಸ್ತೂರಿಯ ಮೇಲೂ ಇರಲಿಲ್ಲ. ರಾಚವ್ವನ ಬೆನ್ನ ಹಿಂದೆ ಹೋಗಿ ನಿಂತು, ಹರಿದ ಮಡಿಕೆಯನ್ನು ನೋಡಿದಳು. ಮುರಿದ ಸೂಜಿ ದಾರಿಯುದ್ದಕ್ಕೂ ಚುಚ್ಚುತ್ತ ಬಂದಿತ್ತು. ಬಿಳಿಯ ಬಟ್ಟೆಯ ಮೇಲೆ ಕುಂಕುಮದ ಬೊಟ್ಟಿನಷ್ಟು ರಕ್ತ ಹರಡಿತ್ತು. ಸಾವಂತ್ರಕ್ಕ ಅದರ ಮೇಲೆ ಬೆರಳಿಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ.

"ಚುಚ್ಚಿದ್ದು ಗೊತ್ತಾಗಲಿಲ್ಲೇನ?" ಎಂದು ಮೆಲ್ಲಗೆ ಕೇಳಿದಳು.

"ಗೊತ್ತಾತು. ಹೊಸಾ ಅರಿವಿ, ಗಂಜಿ ಇರಬೇಕು ಅಂದ್ಕೊಂಡೆ."

ಸಾವಂತ್ರಕ್ಕ ತನ್ನ ಸೆರಗಿನ ತುದಿಯಿಂದ ಆ ಜಾಗವನ್ನು ಒತ್ತಿ ಒರೆಸಿದಳು. ಆಮೇಲೆ ಬಾಗಿಲ ಬಳಿಯ ಹುಡುಗರ ಕಡೆ ತಿರುಗಿದಳು. ಅವಳ ದನಿ ಇಡೀ ಅಂಗಳಕ್ಕೆ ಕೇಳುವಂತಿತ್ತು, ಆದರೆ ನಡುವೆ ಒಮ್ಮೆ ತಡವರಿಸಿತು.

"ಮುಂದಿನ ವರ್ಷದಿಂದ ಬಾಗಲದಾಗ ಯಾರ ಹೆಗಲಿಗೂ ಕೈಹಚ್ಚಬ್ಯಾಡ್ರಿ. ಗಂಟಿ ಒಂದು ಬುಟ್ಟ್ಯಾಗ ಇಡ್ರಿ. ಬೇಕಾದವರು ತಗೋತಾರ. ನಾ ತಗೋತೀನಿ, ನನ್ನ ಹಿರೇ ಮಗಗ ಅದ ಬೇಕು. ಬ್ಯಾಡಾದವರು... ಅವರು ಹಂಗ ಒಳಗ ಬರಲಿ."

ಅವಳು ರಾಚವ್ವನ ಮುಂದೆ ಬಂದು ನಿಂತಳು. ನಮ್ಮೂರಿನಲ್ಲಿ ಯಾರೂ ಯಾರಿಗೂ ಕೇಳದಿದ್ದ ಪ್ರಶ್ನೆಯನ್ನು ಆಗ ಅವಳು ಕೇಳಿದಳು. "ಈಗ ನುಡೀತಲ್ಲ, ಏನ ನೆನಪಾಗಿತ್ತ?"

ರಾಚವ್ವ ಅವಳನ್ನು ದಿಟ್ಟಿಸಿದಳು. "ಅದು ನಂದು, ಅಕ್ಕ."

ಸಾವಂತ್ರಕ್ಕ ತಲೆ ಅಲ್ಲಾಡಿಸಿದಳು, ಒಮ್ಮೆ, ಮತ್ತೊಮ್ಮೆ. "ಆತು. ನಿಂದ" ಎಂದಳು. ಮಗನ ಕೈಯಿಂದ ತಟ್ಟೆ ತೆಗೆದುಕೊಂಡು, ಎಲೆಗಳ ಮೇಲಿದ್ದ ಗಂಟೆಯನ್ನು ರಾಚವ್ವನ ಅಂಗೈಗೆ ಹಾಕಿ, ಬೆರಳುಗಳನ್ನು ತಾನೇ ಮಡಚಿದಳು. "ಮ್ಯಾಲ ಬರ್ರಿ, ಬೀಗತಿ. ತಟ್ಟಿ ಹಿಡಿದು ನನ್ನ ಕೈ ಸೋತಾವ."

ಬೀಗತಿ ಎಂಬ ಆ ಶಬ್ದ ಕಿವಿಗೆ ಬಿದ್ದೊಡನೆ ಮುರಿಗೆಪ್ಪ ವೇದಿಕೆಯ ಮೆಟ್ಟಿಲ ಮೇಲೆ ಕುಳಿತೇಬಿಟ್ಟ. ಡೊಳ್ಳಿನವನು ಈ ಸಲ ಅಪ್ಪಣೆಗಾಗಿ ಸುತ್ತಲೂ ನೋಡಿದ. ದಸ್ತಗೀರ ನನ್ನ ಹಿಂದಿನಿಂದ, "ಬಾರಸೋ ಮಾರಾಯ, ಇನ್ಯಾರನ್ನ ಕೇಳ್ತಿ!" ಎಂದು ಗದರಿಸಿದ.

ರಾಚವ್ವ ಮಾತ್ರ ಮೇಲೆ ಹೋಗಲಿಲ್ಲ. ಮಗಳು ಅವಳೆದುರು ತಲೆ ತಗ್ಗಿಸಿ ನಿಂತಿದ್ದಳು. ರಾಚವ್ವ ಅವಳ ಗದ್ದ ಹಿಡಿದೆತ್ತಿ, ಕಿವಿಯ ಹತ್ತಿರ ಬಾಗಿ, ಮೆಲ್ಲಗೆ ಏನನ್ನೋ ಹೇಳಲಾರಂಭಿಸಿದಳು. ಅದು ಒಂದು ಮಾತಿನಲ್ಲಿ ಮುಗಿಯುವಂಥದ್ದಾಗಿರಲಿಲ್ಲ. ಹೇಳುತ್ತ ಹೇಳುತ್ತ ಅವಳ ಕೈ ಗಾಳಿಯಲ್ಲಿ ಏನನ್ನೋ ಎತ್ತಿತು, ಏನನ್ನೋ ಸುರುವಿತು, ಯಾರೋ ಜಾರಿಬೀಳುವುದನ್ನು ತೋರಿಸಿತು. ಕಸ್ತೂರಿಯ ಕಣ್ಣು ಮೊದಲು ತುಂಬಿತು. ಆಮೇಲೆ ಅಗಲವಾಯಿತು. ಆಮೇಲೆ ಆ ಹುಡುಗಿ, ಊರಿನ ಸತ್ತವರೆಲ್ಲರ ದಿನದಂದು, ಸುಟ್ಟ ಗಿರಣಿಯ ಅಂಗಳದಲ್ಲಿ, ಎಲ್ಲರೆದುರು ಖೊಳ್ಳನೆ ನಕ್ಕುಬಿಟ್ಟಳು. ತಾಯಿಯೂ ನಕ್ಕಳು, ಹೊಟ್ಟೆ ಹಿಡಿದುಕೊಂಡು, ಉಸಿರು ಸಿಗದಂತೆ. ಕೈಮುಗಿಯಬೇಕೋ ಬೇಡವೋ ತಿಳಿಯದೆ ಮುಂದಿನ ಸಾಲಿನ ಹೆಂಗಸರು ಅರ್ಧ ಎತ್ತಿದ ಕೈಗಳನ್ನು ಹಾಗೆಯೇ ಇಳಿಸಿದರು.

ನನಗೂ ಅವರಿಗೂ ನಡುವೆ ಇದ್ದದ್ದು ಒಂದು ಹಗ್ಗ ಮಾತ್ರ. ಸಿಂಪಿಗನ ಕಿವಿ ಚುರುಕು. ಮನಸ್ಸು ಮಾಡಿದ್ದರೆ ಕಾಡಪ್ಪ ಎಲ್ಲಿ ಜಾರಿದ, ಏನು ಚೆಲ್ಲಿದ ಎಂಬುದೆಲ್ಲ ತಿಳಿಯುತ್ತಿತ್ತು. ನಾನು ಮುಖ ಮೇಲೆತ್ತಿ, ತಲೆಯ ಮೇಲಿನ ಚಪ್ಪರದ ಹೊಲಿಗೆಗಳನ್ನು ಬಹಳ ಶ್ರದ್ಧೆಯಿಂದ ನೋಡುತ್ತ ನಿಂತೆ.